ಉಷ್ಣತೆಯ ಅಳತೆ: ಸೊನ್ನೆ ಎಲ್ಲಿದೆ?

ಬೇಸಿಗೆಯಲ್ಲಿ ಕಲಬುರಗಿಯಲ್ಲಿಯೋ ರಾಯಚೂರಿನಲ್ಲಿಯೋ ಉಷ್ಣತೆ 40 ಡಿಗ್ರಿ ತಲುಪಿತೆಂದು ಪತ್ರಿಕೆಯಲ್ಲಿ ಓದಿದಾಗ "ಈ ಸಲ ಬಿಸಿಲು ಜೋರು" ಎಂದುಕೊಂಡು ನಾವು ಪುಟ ತಿರುವುತ್ತೇವೆ. ಅದೇ ದಿನ ಮನೆಯ ಮಗುವಿಗೆ 104 ಡಿಗ್ರಿ ಜ್ವರ ಬಂದರೆ ಎದೆ ಧಸಕ್ಕೆನ್ನುತ್ತದೆ. ಈ ಎರಡು ಸಂಖ್ಯೆಗಳೂ ಸೂಚಿಸುವುದು ಒಂದೇ ಉಷ್ಣತೆಯನ್ನು! 1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ದೇಶಕ್ಕೆ ದಶಮಾನ ಪದ್ಧತಿ ಬಂದ ಮೇಲೆ ಹವಾಮಾನದ ವರದಿಗಳು ಸೆಂಟಿಗ್ರೇಡಿಗೆ ಹೊರಳಿದವು. ಆದರೆ ಜ್ವರ ಮಾತ್ರ ಬಹಳಷ್ಟು ಮನೆಗಳಲ್ಲಿ ಇಂದಿಗೂ ಫ್ಯಾರನ್‌ಹೀಟಿನಲ್ಲಿಯೇ ಏರುತ್ತದೆ, ಇಳಿಯುತ್ತದೆ. ಒಂದೇ ಮನೆಯಲ್ಲಿ ಎರಡು ಮಾಪಕಗಳು ಬಾಡಿಗೆಗಿದ್ದು, ಒಂದಕ್ಕೊಂದು ಮಾತನಾಡದೆ ಬಾಳುತ್ತಿವೆ.

ಈ ವಿಷಯವನ್ನು ಬರೆಯಲು ನನಗೊಂದು ಹಳೆಯ ಸಾಲವೇ ಕಾರಣ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಬೀಕರಿನಲ್ಲಿ ನೀರು ಕಾಯಿಸಿ ತೋರಿಸುತ್ತಿದ್ದೆ. ನೀರು 25 ಡಿಗ್ರಿಯಿಂದ 50 ಡಿಗ್ರಿಗೆ ಬಂದಾಗ ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಈಗ ನೀರು ಮೊದಲಿಗಿಂತ ಎರಡರಷ್ಟು ಬಿಸಿಯಾಯಿತಲ್ಲವಾ?" ಎಂದು ಕೇಳಿದ. ನಾನು ಯೋಚಿಸದೆ "ಹೌದು" ಎಂದೆ. ಅವನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. ಹಿಂದಿನ ದಿನವಷ್ಟೇ ನಾನು ಕಲಿಸಿದ್ದ ಸೂತ್ರ ಅವನಿಗೆ ನೆನಪಿತ್ತು. ಪುಸ್ತಕದ ಅಂಚಿನಲ್ಲಿ ಲೆಕ್ಕ ಮಾಡಿ ಮತ್ತೆ ಎದ್ದು ನಿಂತ. "ಸಾರ್, ಫ್ಯಾರನ್‌ಹೀಟಿನಲ್ಲಿ 25 ಅಂದರೆ 77, 50 ಅಂದರೆ 122. ಇದು ಎರಡರಷ್ಟು ಆಗುವುದಿಲ್ಲ. ನೀರು ಒಂದೇ ಅಲ್ಲವಾ ಸಾರ್, ಯಾವುದು ಸರಿ?"

ಉತ್ತರ ನನಗೆ ಆ ಕ್ಷಣ ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದು ಹೇಳುವ ಧೈರ್ಯವೂ ಬರಲಿಲ್ಲ. "ಅದೆಲ್ಲ ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದುಬಿಟ್ಟೆ. ಅವನು ಕುಳಿತ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಮತ್ತೆ ಪ್ರಶ್ನೆ ಕೇಳಲಿಲ್ಲ.

ಆ ಹುಡುಗನ ಪ್ರಶ್ನೆ ಸಣ್ಣದಲ್ಲ. ಯುರೋಪಿನ ವಿದ್ವಾಂಸರು ಸುಮಾರು ಇನ್ನೂರೈವತ್ತು ವರ್ಷ ತಡವರಿಸಿದ ಪ್ರಶ್ನೆ ಅದು. ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೈಯಿಂದ ಮುಟ್ಟಿ ಬಿಸಿ ತಣ್ಪುಗಳನ್ನು ಹೇಳುವುದು ಮನುಷ್ಯನಿಗೆ ಸಹಜ. ಆದರೆ ಕೈ ನಂಬಿಕೆಗೆ ಅರ್ಹವಲ್ಲ. ತಣ್ಣೀರಿನಲ್ಲಿದ್ದ ಕೈಗೆ ಉಗುರುಬೆಚ್ಚನೆಯ ನೀರು ಬಿಸಿಯೆನಿಸುತ್ತದೆ, ಬಿಸಿನೀರಿನಲ್ಲಿದ್ದ ಕೈಗೆ ಅದೇ ನೀರು ತಣ್ಣಗೆನಿಸುತ್ತದೆ. ಸುಮಾರು 1600ರ ಹೊತ್ತಿಗೆ ಇಟಲಿಯಲ್ಲಿ ಗೆಲಿಲಿಯೊ ಮತ್ತು ಅವನ ಸಮಕಾಲೀನರು ಗಾಜಿನ ಬುರುಡೆಯೊಳಗಿನ ಗಾಳಿ ಹಿಗ್ಗುವುದನ್ನೂ ಕುಗ್ಗುವುದನ್ನೂ ನೀರಿನ ಮಟ್ಟದಿಂದ ತೋರಿಸುವ ಉಪಕರಣವನ್ನು ಬಳಸತೊಡಗಿದರು. ಅದರಲ್ಲಿ ಅಂಕಿಗಳಿರಲಿಲ್ಲ. ಪಡುವಾದ ವೈದ್ಯ ಸ್ಯಾಂಟೋರಿಯೊ ಅದಕ್ಕೆ ಗೆರೆಗಳನ್ನು ಸೇರಿಸಿ ರೋಗಿಗಳ ದೇಹದ ಬಿಸಿಯನ್ನು ನೋಡಲು ಉಪಯೋಗಿಸಿದ. ಆದರೆ ಆ ನಳಿಕೆ ಹೊರಗಾಳಿಗೆ ತೆರೆದುಕೊಂಡಿದ್ದರಿಂದ ವಾಯುಭಾರ ಬದಲಾದರೂ ನೀರಿನ ಮಟ್ಟ ಬದಲಾಗುತ್ತಿತ್ತು. 1654ರ ಸುಮಾರಿಗೆ ಟಸ್ಕನಿಯ ದೊರೆ ಎರಡನೆಯ ಫರ್ಡಿನಾಂಡೊ ಮದ್ಯಸಾರ ತುಂಬಿದ ನಳಿಕೆಯ ಬಾಯಿಯನ್ನು ಕರಗಿಸಿ ಮುಚ್ಚಿಸಿದ. ಅಲ್ಲಿಂದ ನಮಗೆ ಪರಿಚಿತವಾದ ಉಷ್ಣತಾಮಾಪಕ ಆರಂಭವಾಯಿತೆನ್ನಬಹುದು.

ಆದರೆ ಅಂಕಿಗಳನ್ನು ಎಲ್ಲಿಂದ ಆರಂಭಿಸಬೇಕು? ಒಬ್ಬೊಬ್ಬ ಕುಶಲಕರ್ಮಿಯದೂ ಒಂದೊಂದು ಗೆರೆ. ಫ್ಲಾರೆನ್ಸಿನ 20ಕ್ಕೂ ಲಂಡನ್ನಿನ 20ಕ್ಕೂ ಸಂಬಂಧವಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದದಿದ್ದ ಹಾಗೆ. 1701ರಲ್ಲಿ ನ್ಯೂಟನ್ ಹೆಸರು ಹಾಕದೆ ಒಂದು ಲೇಖನ ಪ್ರಕಟಿಸಿದ. ಅಗಸೆ ಎಣ್ಣೆ ತುಂಬಿದ ಮಾಪಕದಲ್ಲಿ ಕರಗುವ ಹಿಮಕ್ಕೆ 0, ಮನುಷ್ಯನ ದೇಹದ ಬಿಸಿಗೆ 12 ಎಂದು ಅದರಲ್ಲಿ ಗೊತ್ತುಪಡಿಸಿದ್ದ. ಎರಡು ನಿಶ್ಚಿತ ಬಿಂದುಗಳನ್ನು ಆರಿಸಿ ನಡುವಿನ ಅಂತರವನ್ನು ಸಮಭಾಗ ಮಾಡಬೇಕೆಂಬ ವಿಚಾರ ಹೀಗೆ ಗಟ್ಟಿಯಾಗುತ್ತ ಬಂತು.

ಬೆಳಕಿಗೂ ವೇಗವಿದೆಯೆಂದು 1676ರಲ್ಲಿ ತೋರಿಸಿಕೊಟ್ಟ ಡೆನ್ಮಾರ್ಕಿನ ಖಗೋಳಶಾಸ್ತ್ರಜ್ಞ ಓಲೆ ರೋಮರ್ ಕೂಡ ತನ್ನದೊಂದು ಮಾಪಕ ಮಾಡಿಕೊಂಡಿದ್ದ. ಅದರಲ್ಲಿ ನೀರು ಕುದಿಯುವುದು 60ಕ್ಕೆ, ಮಂಜುಗಡ್ಡೆ ಕರಗುವುದು ಏಳೂವರೆಗೆ, ದೇಹದ ಬಿಸಿ ಇಪ್ಪತ್ತೆರಡೂವರೆ. ಉಪ್ಪು ಬೆರೆತ ಮಂಜಿನ ಕೊರೆತ ಸೊನ್ನೆ. 1708ರಲ್ಲಿ ಕೋಪನ್‌ಹೇಗನ್ನಿನ ಅವನ ಮನೆಗೆ ಇಪ್ಪತ್ತೆರಡು ವರ್ಷದ ಯುವಕನೊಬ್ಬ ಬಂದ. ಅವನೇ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್.

ಈ ಫ್ಯಾರನ್‌ಹೀಟಿನ ಜೀವನ ಕರುಣಾಜನಕವಾದದ್ದು. 1686ರಲ್ಲಿ ಡಾನ್ಜಿಗ್ ನಗರದಲ್ಲಿ ಹುಟ್ಟಿದ ಅವನ ತಂದೆತಾಯಿಗಳಿಬ್ಬರೂ 1701ರಲ್ಲಿ ವಿಷದ ಅಣಬೆ ತಿಂದು ಒಂದೇ ದಿನ ತೀರಿಕೊಂಡರು. ಪೋಷಕರು ಹುಡುಗನನ್ನು ವ್ಯಾಪಾರ ಕಲಿಯಲೆಂದು ಆಮ್‌ಸ್ಟರ್‌ಡ್ಯಾಮಿಗೆ ಕಳುಹಿಸಿದರು. ಅವನ ಮನಸ್ಸು ಲೆಕ್ಕದ ಪುಸ್ತಕದಲ್ಲಿ ನಿಲ್ಲದೆ ಗಾಜಿನ ನಳಿಕೆಗಳ ಕಡೆಗೆ ಹರಿಯಿತು. ಊರೂರು ಅಲೆದು ಉಪಕರಣ ಮಾಡುವುದನ್ನು ಕಲಿತ. ರೋಮರ್‌ನ ಏಳೂವರೆ, ಇಪ್ಪತ್ತೆರಡೂವರೆಗಳಂತಹ ಭಿನ್ನರಾಶಿಗಳು ಅವನಿಗೆ ಹಿಡಿಸಲಿಲ್ಲ. ಪ್ರತಿಯೊಂದು ಡಿಗ್ರಿಯನ್ನೂ ನಾಲ್ಕು ಭಾಗ ಮಾಡಿದ. ಆಗ 30 ಮತ್ತು 90 ಬಂದವು. ಮುಂದೆ ಅವನ್ನು 32 ಮತ್ತು 96ಕ್ಕೆ ತಿದ್ದಿದ. ಯಾಕೆ? 32ರಿಂದ 96ರವರೆಗಿನ ಅಂತರ 64. ಒಂದು ಉದ್ದವನ್ನು ಆರು ಸಲ ಅರ್ಧ ಅರ್ಧ ಮಾಡುತ್ತ ಹೋದರೆ 64 ಸಮಭಾಗಗಳಾಗುತ್ತವೆ. 32 ಭಾಗಗಳಾಗಲು ಐದು ಸಲ ಸಾಕು. ಕೈವಾರ ಹಿಡಿದು ಗಾಜಿನ ಮೇಲೆ ಗೆರೆ ಎಳೆಯುವವನಿಗೆ ಇದಕ್ಕಿಂತ ಅನುಕೂಲ ಬೇರೆಯಿಲ್ಲ ಎಂದು ಇತಿಹಾಸಕಾರರು ವಿವರಿಸುತ್ತಾರೆ.

1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ತನ್ನ ಮೂರು ಬಿಂದುಗಳನ್ನು ಪ್ರಕಟಿಸಿದ. ಮಂಜುಗಡ್ಡೆ, ನೀರು ಮತ್ತು ನವಸಾಗರದ ಮಿಶ್ರಣಕ್ಕೆ 0. ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ಉಪಯೋಗಿಸುವ ಅದೇ ನವಸಾಗರ! ಬರಿಯ ಮಂಜು ಮತ್ತು ನೀರಿಗೆ 32. ಆರೋಗ್ಯವಂತನ ಬಾಯಿಯಲ್ಲಿ ಅಥವಾ ಕಂಕುಳಲ್ಲಿ 96. ನೀರಿನ ಕುದಿಬಿಂದು ಈ ಮೂರರಲ್ಲಿ ಸೇರಿರಲಿಲ್ಲ. ಅವನು 1736ರಲ್ಲಿ ತೀರಿಕೊಂಡ ಮೇಲೆ ಕುದಿಬಿಂದುವನ್ನು 212 ಎಂದು ಸ್ಥಿರಪಡಿಸಿ ಮಾಪಕವನ್ನು ಸ್ವಲ್ಪ ತಿದ್ದಿದರು. ಮಂಜಿನಿಂದ ಕುದಿಯುವವರೆಗೆ ಸರಿಯಾಗಿ 180 ಡಿಗ್ರಿಗಳಾದವು. ಈ ತಿದ್ದುಪಡಿಯಲ್ಲಿ ದೇಹದ ಬಿಸಿ 96ರಿಂದ ಮೇಲಕ್ಕೆ ಸರಿಯಿತು. ಫ್ಯಾರನ್‌ಹೀಟಿನ ನಿಜವಾದ ಸಾಧನೆ ಅಂಕಿಗಳಲ್ಲಿಲ್ಲ. ಪಾದರಸ ತುಂಬಿದ, ಒಂದರಂತೆಯೇ ಇನ್ನೊಂದು ತೋರಿಸುವ ಮಾಪಕಗಳನ್ನು ಅವನು ಮಾಡಿಕೊಟ್ಟ. ಇಬ್ಬರು ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಉಷ್ಣತೆಯನ್ನು ಕುರಿತು ಮಾತನಾಡಲು ಆಗ ಸಾಧ್ಯವಾಯಿತು.

1730ರಲ್ಲಿ ಫ್ರಾನ್ಸಿನ ರೆಯೊಮ್ಯೂರ್ ಮಂಜಿಗೆ 0, ಕುದಿಯುವ ನೀರಿಗೆ 80 ಎಂಬ ಮಾಪಕ ತಂದ. ಫ್ರಾನ್ಸ್, ಜರ್ಮನಿ, ರಷ್ಯಾಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು. ಅನಂತರ ಬಂದವನು ಸ್ವೀಡನ್ನಿನ ಉಪ್ಸಾಲದ ಖಗೋಳಶಾಸ್ತ್ರದ ಪ್ರಾಧ್ಯಾಪಕ ಆಂಡರ್ಸ್ ಸೆಲ್ಸಿಯಸ್. ಭೂಮಿಯ ಆಕಾರವನ್ನು ಅಳೆಯಲು 1736ರಲ್ಲಿ ಲ್ಯಾಪ್‌ಲ್ಯಾಂಡಿಗೆ ಹೋದ ತಂಡದಲ್ಲಿ ಅವನೂ ಇದ್ದ. 1742ರಲ್ಲಿ ಸ್ವೀಡಿಷ್ ವಿಜ್ಞಾನ ಅಕಾಡೆಮಿಯ ಮುಂದೆ ಅವನು ಮಂಡಿಸಿದ ಪ್ರಬಂಧ ಇಂದಿಗೂ ಓದಲು ತಕ್ಕದ್ದು. ಹಿಮ ಕರಗುವ ಬಿಂದು ಬದಲಾಗುವುದಿಲ್ಲವೆಂದು ಅವನು ಪ್ರಯೋಗಗಳಿಂದ ತೋರಿಸಿದ. ನೀರು ಕುದಿಯುವ ಬಿಂದು ಮಾತ್ರ ವಾಯುಭಾರವನ್ನು ಅವಲಂಬಿಸಿದೆಯೆಂದೂ, ಆದ್ದರಿಂದ ಕುದಿಬಿಂದುವನ್ನು ಗುರುತಿಸುವಾಗ ವಾಯುಭಾರವನ್ನೂ ಹೇಳಬೇಕೆಂದೂ ಸ್ಪಷ್ಟಪಡಿಸಿದ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ ಹೆಚ್ಚುಕಡಿಮೆ 100ಕ್ಕೆ. ಪುಸ್ತಕದಲ್ಲಿ ನೂರೆಂದಿದೆ, ನಮ್ಮ ಪ್ರಯೋಗಶಾಲೆಯಲ್ಲಿ ಯಾಕೆ ಬರುವುದಿಲ್ಲ ಎಂದು ಎಷ್ಟೋ ಮಕ್ಕಳು ತಮ್ಮನ್ನೇ ಅನುಮಾನಿಸಿಕೊಂಡಿದ್ದಾರೆ. ಅವರು ಓದಿದ ಅಂಕಿ ಸರಿಯಾಗಿಯೇ ಇತ್ತು.

ಒಂದು ವಿನೋದವಿದೆ. ಸೆಲ್ಸಿಯಸ್ಸನ ಮೂಲ ಮಾಪಕ ತಲೆಕೆಳಗಾಗಿತ್ತು! ಕುದಿಯುವ ನೀರಿಗೆ 0, ಕರಗುವ ಹಿಮಕ್ಕೆ 100. ಬಿಸಿ ಹೆಚ್ಚಿದಂತೆ ಅಂಕಿ ಕಡಿಮೆಯಾಗುತ್ತಿತ್ತು. ಉತ್ತರದ ಚಳಿಗಾಲದಲ್ಲಿ ಋಣಸಂಖ್ಯೆ ಬರೆಯುವ ತೊಂದರೆ ಇದರಿಂದ ತಪ್ಪುತ್ತಿತ್ತೆಂಬುದು ನಿಜ. 1744ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಅವನು ತೀರಿಕೊಂಡ. ಕೆಲವೇ ವರ್ಷಗಳಲ್ಲಿ ಉಪ್ಸಾಲದವರು ಮಾಪಕವನ್ನು ತಿರುಗಿಸಿ ನಿಲ್ಲಿಸಿದರು. ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಹೆಸರೂ ಈ ಬದಲಾವಣೆಯಲ್ಲಿ ಕೇಳಿಬರುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಕ್ರಿಸ್ಟಿನ್ ಎಂಬವನು 1743ರಲ್ಲಿಯೇ ಸ್ವತಂತ್ರವಾಗಿ ನೇರ ಮಾಪಕವನ್ನು ರೂಪಿಸಿದ್ದ. ಸೆಂಟಿಗ್ರೇಡ್ ಎಂದು ಕರೆಯುತ್ತಿದ್ದ ಅದಕ್ಕೆ ಸೆಲ್ಸಿಯಸ್ ಎಂಬ ಹೆಸರು ಅಧಿಕೃತವಾದದ್ದು 1948ರಲ್ಲಿ.

ಈಗ ಸಂಬಂಧಗಳನ್ನು ನೋಡೋಣ. ಹಿಮಬಿಂದುವಿನಿಂದ ಕುದಿಬಿಂದುವಿನವರೆಗಿನ ಒಂದೇ ದಾರಿಯನ್ನು ಸೆಲ್ಸಿಯಸ್ 100 ಹೆಜ್ಜೆಗಳಲ್ಲಿ, ರೆಯೊಮ್ಯೂರ್ 80 ಹೆಜ್ಜೆಗಳಲ್ಲಿ, ಫ್ಯಾರನ್‌ಹೀಟ್ 180 ಹೆಜ್ಜೆಗಳಲ್ಲಿ ನಡೆಯುತ್ತಾರೆ. 100ಕ್ಕೆ 180 ಎಂದರೆ 5ಕ್ಕೆ 9. ಜೊತೆಗೆ ಫ್ಯಾರನ್‌ಹೀಟ್ ಹೊರಡುವ ಮೊದಲೇ 32 ಹೆಜ್ಜೆ ನಡೆದು ಬಂದಿದ್ದಾನೆ. ಆದ್ದರಿಂದ ಸೆಲ್ಸಿಯಸ್ ಅಂಕಿಯನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಸೇರಿಸಿದರೆ ಫ್ಯಾರನ್‌ಹೀಟ್ ಸಿಗುತ್ತದೆ. ಬಾಯಿಲೆಕ್ಕಕ್ಕೆ ಸುಲಭದ ದಾರಿಯುಂಟು. ಅಂಕಿಯನ್ನು ಇಮ್ಮಡಿ ಮಾಡಿ, ಬಂದದ್ದರಲ್ಲಿ ಹತ್ತನೆಯ ಒಂದು ಭಾಗ ಕಳೆದು, 32 ಸೇರಿಸಿ. 35ರ ಇಮ್ಮಡಿ 70, ಅದರಲ್ಲಿ 7 ಹೋದರೆ 63, 32 ಸೇರಿದರೆ 95. ಎರಡು ಮಾಪಕಗಳೂ ಒಂದೇ ಅಂಕಿ ತೋರಿಸುವ ಜಾಗವೊಂದಿದೆ, ಅದು ಸೊನ್ನೆಯ ಕೆಳಗಿನ 40. ಆದರೆ ಪಾದರಸ ಸೊನ್ನೆಯ ಕೆಳಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟುತ್ತದೆ. ಎರಡು ಮಾಪಕಗಳು ಕೈಕುಲುಕುವ ಹೊತ್ತಿಗೆ ಅದನ್ನು ತೋರಿಸಬೇಕಾದ ಪಾದರಸವೇ ಕಲ್ಲಾಗಿರುತ್ತದೆ!

ನಮ್ಮ ಶಾಸನಗಳನ್ನು ಓದಿದವರಿಗೆ ಇದೆಲ್ಲ ಹೊಸದಲ್ಲ. ಶಾಲಿವಾಹನ ಶಕಕ್ಕೆ 78 ಸೇರಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ಬರುತ್ತದೆ. ಎರಡರಲ್ಲೂ ವರ್ಷದ ಉದ್ದ ಒಂದೇ, ಎಣಿಕೆಯ ಆರಂಭ ಮಾತ್ರ ಬೇರೆ. ಹಿಜರಿ ಶಕದಲ್ಲಾದರೋ ಆರಂಭವೂ ಬೇರೆ, ಸುಮಾರು 354 ದಿನಗಳ ಚಾಂದ್ರವರ್ಷವಾದ್ದರಿಂದ ವರ್ಷದ ಉದ್ದವೂ ಬೇರೆ. ಅಲ್ಲಿ ಬರಿಯ ಕೂಡುವುದರಿಂದ ಸಾಲದು, ಗುಣಿಸಲೂ ಬೇಕು. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್‌ಗಳ ಸಂಬಂಧ ಈ ಎರಡನೆಯ ಬಗೆಯದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಕಿಯನ್ನು ಪರಿವರ್ತಿಸುವುದು ಬೇರೆ, ಅಂತರವನ್ನು ಪರಿವರ್ತಿಸುವುದು ಬೇರೆ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ಸರಾಸರಿ ಉಷ್ಣತೆಯ ಏರಿಕೆ 2 ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಕೆಳಗಿರಬೇಕು, ಸಾಧ್ಯವಾದರೆ ಒಂದೂವರೆ ಡಿಗ್ರಿಯಲ್ಲಿ ನಿಲ್ಲಬೇಕು ಎಂಬ ಗುರಿಯಿದೆ. 2 ಡಿಗ್ರಿಯ ಏರಿಕೆ ಫ್ಯಾರನ್‌ಹೀಟಿನಲ್ಲಿ 3.6 ಡಿಗ್ರಿಯ ಏರಿಕೆ. ಯಾಂತ್ರಿಕವಾಗಿ 32 ಸೇರಿಸಿ 35.6 ಎಂದು ಬರೆದದ್ದನ್ನು ನಾನು ಅಚ್ಚಿನಲ್ಲೂ ಕಂಡಿದ್ದೇನೆ. ಶಕವರ್ಷವನ್ನು ಕ್ರಿಸ್ತಶಕಕ್ಕೆ ತರುವಾಗ, ಶಾಸನದಲ್ಲಿ ಹೇಳಿದ ರಾಜನ ವಯಸ್ಸಿಗೂ 78 ಸೇರಿಸಿದ ಹಾಗಾಯಿತು ಇದು!

ಪರಿವರ್ತನೆ ತರುವ ಇನ್ನೊಂದು ಭ್ರಮೆ ನಮ್ಮ ಮನೆಮನೆಯಲ್ಲಿದೆ. 98.6 ಎಂಬ ಅಂಕಿ ಯಾರಿಗೆ ಗೊತ್ತಿಲ್ಲ? ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ವುಂಡರ್‌ಲಿಶ್ ಸಾವಿರಾರು ರೋಗಿಗಳ ಉಷ್ಣತೆಯನ್ನು ಅಳೆದು, 1868ರ ತನ್ನ ಗ್ರಂಥದಲ್ಲಿ ಆರೋಗ್ಯವಂತರ ಸರಾಸರಿ 37 ಡಿಗ್ರಿ ಸೆಲ್ಸಿಯಸ್ ಎಂದ. ಅದು ದುಂಡನೆಯ ಅಂಕಿ. ಸೂತ್ರಕ್ಕೆ ಹಾಕಿದಾಗ 98.6 ಆಯಿತು. ಮೂಲದಲ್ಲಿಲ್ಲದ ಸೂಕ್ಷ್ಮತೆಯೊಂದು ದಶಾಂಶ ಬಿಂದುವಿನ ರೂಪದಲ್ಲಿ ಬಂದು ಕುಳಿತಿತು. 1992ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 98.2 ಬಂತು. ಬೆಳಗ್ಗೆ ಕಡಿಮೆ, ಸಂಜೆ ಹೆಚ್ಚು, ಒಬ್ಬೊಬ್ಬರಿಗೆ ಒಂದೊಂದು. 99 ಕಂಡ ಕೂಡಲೇ ಕಷಾಯಕ್ಕೆ ನೀರಿಡುತ್ತಿದ್ದ ನನ್ನ ತಾಯಿಗೆ ಇದನ್ನು ಹೇಳಲು ನನಗೂ ಆಗ ಗೊತ್ತಿರಲಿಲ್ಲ.

ಇರಲಿ, ಹುಡುಗನ ಪ್ರಶ್ನೆಗೆ ಬರೋಣ. ಸೆಲ್ಸಿಯಸ್ಸನ ಸೊನ್ನೆಯಾಗಲಿ ಫ್ಯಾರನ್‌ಹೀಟಿನ ಸೊನ್ನೆಯಾಗಲಿ ನಿಜವಾದ ಸೊನ್ನೆಯಲ್ಲ. ನನ್ನ ಕಿಸೆಯಲ್ಲಿ ಸೊನ್ನೆ ರೂಪಾಯಿ ಇದೆಯೆಂದರೆ ಏನೂ ಇಲ್ಲವೆಂದು ಅರ್ಥ. ಸೊನ್ನೆ ಡಿಗ್ರಿಯೆಂದರೆ ಉಷ್ಣತೆಯೇ ಇಲ್ಲವೆಂದು ಅರ್ಥವಲ್ಲ. ಅವು ಮನುಷ್ಯ ತನ್ನ ಅನುಕೂಲಕ್ಕೆ ನೆಟ್ಟ ಮೈಲಿಗಲ್ಲುಗಳು. ಮೈಲಿಗಲ್ಲಿನಿಂದ ಎಣಿಸಿದ ದೂರಗಳನ್ನು ಕೂಡಬಹುದು, ಕಳೆಯಬಹುದು. "ಎಷ್ಟು ಪಟ್ಟು" ಎಂದು ಕೇಳಬೇಕಾದರೆ ದಾರಿಯ ನಿಜವಾದ ಆರಂಭ ಗೊತ್ತಿರಬೇಕು.

ಆ ಆರಂಭದ ಸುಳಿವು 1702ರ ಹೊತ್ತಿಗೇ ಫ್ರಾನ್ಸಿನ ಅಮೊಂಟನ್ಸ್‌ನಿಗೆ ಸಿಕ್ಕಿತ್ತು. ತಣ್ಣಗಾದಂತೆ ಗಾಳಿಯ ಒತ್ತಡ ಒಂದೇ ಕ್ರಮದಲ್ಲಿ ಕುಗ್ಗುವುದಾದರೆ ಎಲ್ಲಿಯೋ ಒಂದು ಕಡೆ ಅದು ಇಲ್ಲವಾಗಲೇಬೇಕು. ಅದಕ್ಕಿಂತ ಕೆಳಗೆ ಚಳಿಯಿಲ್ಲ. ಅನಿಲಗಳ ಮೇಲಿನ ಪ್ರಯೋಗಗಳು ನಿಖರವಾದಂತೆ ಆ ಸ್ಥಳ ಸೊನ್ನೆಯ ಕೆಳಗೆ ಸುಮಾರು 273 ಡಿಗ್ರಿ ಸೆಲ್ಸಿಯಸ್ ಎಂದು ತಿಳಿಯಿತು. 1848ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಲಿಯಂ ಥಾಮ್ಸನ್ ಯಾವುದೇ ಒಂದು ದ್ರವದ ಅಥವಾ ಅನಿಲದ ಗುಣವನ್ನು ಅವಲಂಬಿಸದ ನಿರಪೇಕ್ಷ ಮಾಪಕದ ವಿಚಾರವನ್ನು ಮಂಡಿಸಿದ. ಆಗ ಅವನಿಗೆ ಇಪ್ಪತ್ನಾಲ್ಕು ವರ್ಷ! 1892ರಲ್ಲಿ ಅವನಿಗೆ ಲಾರ್ಡ್ ಕೆಲ್ವಿನ್ ಎಂಬ ಪದವಿ ಬಂತು. ಕೆಲ್ವಿನ್ ಎಂಬುದು ಅವನ ವಿಶ್ವವಿದ್ಯಾಲಯದ ಪಕ್ಕದಲ್ಲಿ ಹರಿಯುವ ನದಿಯ ಹೆಸರು. ಸೆಲ್ಸಿಯಸ್‌ಗೆ 273.15 ಸೇರಿಸಿದರೆ ಕೆಲ್ವಿನ್. ಹೆಜ್ಜೆಯ ಉದ್ದ ಒಂದೇ, ಆರಂಭ ಮಾತ್ರ ಬೇರೆ, ಶಕವರ್ಷ ಮತ್ತು ಕ್ರಿಸ್ತಶಕಗಳ ಹಾಗೆ. 1859ರಲ್ಲಿ ರಾಂಕಿನ್ ಎಂಬ ಎಂಜಿನಿಯರ್ ಅದೇ ಸೊನ್ನೆಯಿಂದ ಫ್ಯಾರನ್‌ಹೀಟಿನ ಹೆಜ್ಜೆಗಳಲ್ಲಿ ಎಣಿಸುವ ಮಾಪಕವನ್ನೂ ಸೂಚಿಸಿದ.

1954ರಿಂದ ಕೆಲ್ವಿನ್ ಮಾನವನ್ನು ನೀರು, ಮಂಜು, ಆವಿ ಮೂರೂ ಒಟ್ಟಿಗಿರುವ ಬಿಂದುವಿನಿಂದ ನಿರೂಪಿಸುತ್ತಿದ್ದರು. 2019ರ ಮೇ 20ರಿಂದ ಆ ಆಧಾರವನ್ನೂ ಬಿಟ್ಟು, ಕಣಗಳ ಶಕ್ತಿಗೂ ಉಷ್ಣತೆಗೂ ಕೊಂಡಿಯಾದ ಬೋಲ್ಟ್ಸ್‌ಮನ್ ಸ್ಥಿರಾಂಕದಿಂದಲೇ ಅದನ್ನು ನಿರೂಪಿಸಲಾಗಿದೆ. ಇಂದಿನ ನಿಖರ ಅಳತೆಯಲ್ಲಿ ಪ್ರಮಾಣ ವಾಯುಭಾರದಲ್ಲಿ ನೀರು ಕುದಿಯುವುದು ನೂರಕ್ಕಲ್ಲ, ಸುಮಾರು 99.97ಕ್ಕೆ. ನೀರಿನಿಂದ ಹುಟ್ಟಿದ ಮಾಪಕ ನೀರನ್ನೇ ಸ್ವಲ್ಪ ಕೆಳಗಿಳಿಸಿತು.

ಈಗ ನನ್ನ ಬೀಕರಿನ ನೀರನ್ನು ನೋಡಿ. 25 ಡಿಗ್ರಿ ಎಂದರೆ 298.15 ಕೆಲ್ವಿನ್. 50 ಡಿಗ್ರಿ ಎಂದರೆ 323.15. ಹೆಚ್ಚಿದ್ದು ಸುಮಾರು ನೂರಕ್ಕೆ ಎಂಟರಷ್ಟು ಮಾತ್ರ. ನಿಜವಾಗಿ ಎರಡರಷ್ಟಾಗಬೇಕಾದರೆ 596.3 ಕೆಲ್ವಿನ್, ಅಂದರೆ ಸುಮಾರು 323 ಡಿಗ್ರಿ ಸೆಲ್ಸಿಯಸ್ ಬೇಕು. ಇನ್ನು ನಾಲ್ಕೈದು ಡಿಗ್ರಿ ಏರಿದರೆ ಸೀಸ ಕರಗುವ ಬಿಸಿ ಅದು! ಈ ಲೆಕ್ಕವನ್ನು ರಾಂಕಿನ್ ಮಾಪಕದಲ್ಲಿ ಮಾಡಿದರೂ ಇದೇ ಅನುಪಾತ ಬರುತ್ತದೆ. ಯಾಕೆಂದರೆ ಅದರ ಸೊನ್ನೆಯೂ ನಿಜವಾದ ಸೊನ್ನೆ.

ಆದ್ದರಿಂದ, ಮಗು, ನಿನ್ನ ಪ್ರಶ್ನೆಗೆ ಉತ್ತರ ಇದು. "ಯಾವುದು ಸರಿ" ಎಂದು ಕೇಳಿದ್ದೆಯಲ್ಲ, ಎರಡು ಅನುಪಾತಗಳೂ ಸರಿಯಲ್ಲ. ಎರಡರಷ್ಟು ಎಂದು ನಾನು ಹೇಳಿದ್ದು ತಪ್ಪು, ನಿನ್ನ ಅನುಮಾನ ಸರಿ. ನೀನೀಗ ನಡುವಯಸ್ಸಿನವನಾಗಿರಬೇಕು, ಎಲ್ಲಿರುವೆಯೋ ನನಗೆ ತಿಳಿಯದು. ಆ ಟಿಪ್ಪಣಿ ಪುಸ್ತಕ ಎಲ್ಲಿಯಾದರೂ ಉಳಿದಿದ್ದರೆ ಆ ಸಾಲನ್ನು ಹೊಡೆದುಹಾಕು.

ಇಂದು ತರಗತಿಯಲ್ಲಿ ನಿಂತಿರುವ ಕಿರಿಯ ಅಧ್ಯಾಪಕ ಮಿತ್ರರಿಗೂ ಒಂದು ಮಾತು. ಮಕ್ಕಳ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ "ನಾಳೆ ನೋಡಿಕೊಂಡು ಬರುತ್ತೇನೆ" ಎನ್ನಿ. ಅಷ್ಟು ಹೇಳಿದ್ದರೆ ನನಗೆ ಒಂದು ದಿನ ಸಾಕಾಗುತ್ತಿತ್ತು. ಹೇಳದೆ ಹೋದದ್ದರಿಂದ ಇಷ್ಟು ವರ್ಷ ಬೇಕಾಯಿತು.